ಗೇಟ್ ಪಾಸಿನ ಬಣ್ಣ

ಕವಿತೆ ಬರೆಯುವವರಿಗೆ ರೇಡಾರಿನ ಉಸಾಬರಿ ಯಾಕೆ ಅಂತ ಕೆಲವರು ಕೇಳಬಹುದು. ಕೇಳಲಿ. ನಮ್ಮ ತಾತಂದಿರು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನು ಬರೆದಿತ್ತು ಅಂತ ಅವರಿಗೆ ಗೊತ್ತಿರಲಿಲ್ಲ. ಓದಿ ಹೇಳುವವನೇ ಬರೆಸಿಕೊಂಡವನೂ ಆಗಿದ್ದ. ಈಗ ನಮ್ಮ ಕೇರಿಗಳಿಂದ ಬಿ.ಇ. ಮಾಡಿಕೊಂಡು ಹೊರಟ ಹುಡುಗ ಹುಡುಗಿಯರು ಇಂಗ್ಲಿಷಿನಲ್ಲಿ ಸಹಿ ಹಾಕಿ ಕೊಡುತ್ತಿರುವ ಕಾಗದವನ್ನಾದರೂ ನಾವು ಓದಬೇಕಲ್ಲ. ದೇಶದ ರಕ್ಷಣೆಗೆ ಬೇಕಾದ ಎಲೆಕ್ಟ್ರಾನಿಕ್ ಯಂತ್ರಗಳ ಮಿದುಳನ್ನು ಕಟ್ಟುವ ಕೆಲಸ, ಎರಡು ವರ್ಷಕ್ಕೆ, ಮೂರು ವರ್ಷಕ್ಕೆ, ಕೆಲವೊಮ್ಮೆ ಆರೇ ತಿಂಗಳಿಗೆ. ಆ ಕಾಗದದ ಹೆಸರು ಗುತ್ತಿಗೆ. ಅದು ಬಂದ ದಾರಿ ಹಿಡಿದು ಹಿಂದಕ್ಕೆ ನಡೆದು ನೋಡೋಣ.

ಬೆಂಗಳೂರನ್ನು ಐ.ಟಿ. ನಗರ ಅಂತ ಹೊಗಳುವವರಿಗೆ ಚರಿತ್ರೆ 1990ರಿಂದಲೇ ಶುರುವಾಗುತ್ತದೆ. ಅದಕ್ಕೂ ಐವತ್ತು ವರ್ಷ ಮೊದಲು, 1940ರ ಡಿಸೆಂಬರಿನಲ್ಲಿ, ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಇಲ್ಲಿ ವಿಮಾನ ಕಾರ್ಖಾನೆ ತೆರೆದಿದ್ದರು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಐ.ಟಿ.ಐ. ಬಂತು, 1953ರಲ್ಲಿ ಎಚ್.ಎಂ.ಟಿ. ಬಂತು. 1954ರಲ್ಲಿ ಫ್ರಾನ್ಸಿನ ಸಿ.ಎಸ್.ಎಫ್. ಕಂಪನಿಯ ತಾಂತ್ರಿಕ ನೆರವಿನಿಂದ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಜನರ ಬಾಯಲ್ಲಿ ಬಿ.ಇ.ಎಲ್., ಹುಟ್ಟಿತು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದ ಜಾಗ ಅದು. ಸೈನ್ಯಕ್ಕೆ ಬೇಕಾದ ವೈರ್‌ಲೆಸ್ ಸೆಟ್ಟುಗಳು, ಆಮೇಲೆ ವಾಲ್ವು, ಟ್ರಾನ್ಸಿಸ್ಟರು, ರೇಡಾರು, ಮುಂದೆ ನಾವು ವೋಟು ಒತ್ತುವ ಯಂತ್ರ ಕೂಡ ಅಲ್ಲಿಂದಲೇ ಬಂತು. ಜೋಡಣೆಯ ಸಾಲುಗಳಲ್ಲಿ ಹೆಂಗಸರು ಕೂತು ಕಣ್ಣು ಕೀಲಿಸಿ ಬೆಸುಗೆ ಹಾಕುತ್ತಿದ್ದರು. 1958ರಲ್ಲಿ ರಕ್ಷಣಾ ಸಂಶೋಧನೆಗೆ ಡಿ.ಆರ್.ಡಿ.ಒ. ಎಂಬ ಪ್ರತ್ಯೇಕ ಸಂಸ್ಥೆ ಆಯಿತು. ರೇಡಾರಿಗೆ, ವಿಮಾನಕ್ಕೆ ಸಂಬಂಧಿಸಿದ ಅದರ ದೊಡ್ಡ ಪ್ರಯೋಗಾಲಯಗಳು ಇದೇ ಊರಿನಲ್ಲಿ ಬೇರು ಬಿಟ್ಟವು.

ಈ ಕಾರ್ಖಾನೆಗಳ ಚರಿತ್ರೆ ಬರೆದವರು ಯಂತ್ರಗಳನ್ನು ಎಣಿಸಿದ್ದಾರೆ, ಮಂತ್ರಿಗಳು ಬಂದು ಹೋದ ದಿನಗಳನ್ನು ಎಣಿಸಿದ್ದಾರೆ. ಗೇಟಿನೊಳಗೆ ಯಾರು ಯಾವ ಬಾಗಿಲಿಂದ ಹೋದರು ಅನ್ನೋದನ್ನು ಎಣಿಸುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ಆ ಲೆಕ್ಕ 1942ರಿಂದ ಶುರುವಾಗಬೇಕು. ಆ ವರ್ಷದ ಜುಲೈನಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾದರು. ಅದೇ ಅಕ್ಟೋಬರಿನಲ್ಲಿ ಅಸ್ಪೃಶ್ಯರ ಕುಂದುಕೊರತೆಗಳನ್ನು ಕುರಿತು ಸರ್ಕಾರಕ್ಕೆ ಒಂದು ದೊಡ್ಡ ಮನವಿ ಕೊಟ್ಟರು. ಅದರಲ್ಲಿ ಅವರು ಕೇಳಿದ್ದು ಗುಮಾಸ್ತರ ಕುರ್ಚಿಗಳನ್ನಷ್ಟೇ ಅಲ್ಲ. ನಮ್ಮ ಮಕ್ಕಳಿಗೆ ವಿಜ್ಞಾನ, ತಂತ್ರಜ್ಞಾನದ ಶಿಕ್ಷಣ ಬೇಕು, ಅದಕ್ಕೆ ವಿದ್ಯಾರ್ಥಿವೇತನ ಬೇಕು, ಸರ್ಕಾರಿ ಅಚ್ಚುಕೂಟಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ಕೆಲಸ ಕಲಿಯಲು ಜಾಗ ಬೇಕು ಎಂದು ಕೇಳಿದರು. ಮತ್ತೊಂದು ಮಾತೂ ಅದರಲ್ಲಿದೆ: ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ಪಟ್ಟಿಯಲ್ಲಿ ಅಸ್ಪೃಶ್ಯರು ಇಲ್ಲವೆನ್ನುವಷ್ಟು ಕಡಿಮೆ ಎಂದು ಅವರು ಅಂದೇ ತೋರಿಸಿದ್ದರು. ಗುತ್ತಿಗೆ ಕೊಡುವವನ ಸಾಲಿನಲ್ಲಿ ನಾವಿಲ್ಲ, ಗುತ್ತಿಗೆಯಲ್ಲಿ ದುಡಿಯುವವರ ಸಾಲಿನಲ್ಲಿ ನಾವೇ ಎಲ್ಲ. ಈ ಪಾಠ ಹೊಸದೇನಲ್ಲ.

1943ರಲ್ಲಿ ಕೇಂದ್ರ ಸರ್ಕಾರದ ನೌಕರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 8.33 ಮೀಸಲಾತಿ ಬಂತು, 1946ರಲ್ಲಿ ಅದು 12.5 ಆಯಿತು. 1970ರಲ್ಲಿ ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 7.5 ಎಂದಾಯಿತು. ಸಾರ್ವಜನಿಕ ಉದ್ದಿಮೆಗಳೂ ಈ ಲೆಕ್ಕದೊಳಗೆ ಬಂದವು. ಜಾಲಹಳ್ಳಿ, ದೂರವಾಣಿನಗರ, ವಿಮಾನಪುರದ ಗೇಟುಗಳೊಳಗೆ ನಮ್ಮವರು ಕಾಲಿಟ್ಟದ್ದು ಹೀಗೆ. ಮೊದಲು ಪೊರಕೆ ಹಿಡಿದು, ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು, ಆಮೇಲೆ ಹೆಲ್ಪರು, ಆಮೇಲೆ ಐ.ಟಿ.ಐ. ಓದಿದ ಫಿಟ್ಟರು, ಟರ್ನರು. ಡಿಪ್ಲೊಮಾ, ಡಿಗ್ರಿಗಳ ಮೇಜಿನ ತನಕ ಹೋಗೋಕೆ ಇನ್ನೊಂದು ತಲೆಮಾರು ಬೇಕಾಯಿತು. ಆದರೆ ಆ ಒಂದು ಸಂಬಳ ಮಾಡಿದ ಕೆಲಸವನ್ನು ಯಾರೂ ಹಗುರವಾಗಿ ಮಾತಾಡಬಾರದು. ಕ್ವಾರ್ಟರ್ಸು, ಇ.ಎಸ್.ಐ. ಆಸ್ಪತ್ರೆ, ಕಾಲೋನಿಯ ಇಸ್ಕೂಲು, ತಿಂಗಳ ಕೊನೆಗೆ ಊರಿಗೆ ಹೋಗುತ್ತಿದ್ದ ಮನಿಯಾರ್ಡರು. ನಮ್ಮ ಎಷ್ಟೋ ಹಳ್ಳಿಗಳ ಕೇರಿಯಲ್ಲಿ ಮೊದಲ ಹೆಂಚಿನ ಮನೆ ಎದ್ದದ್ದು ಕಾರ್ಖಾನೆಯ ಪಗಾರದಿಂದಲೇ.

ಹಾಗಂತ ಒಳಗಿನ ಬಾಗಿಲುಗಳೆಲ್ಲ ತೆರೆದಿದ್ದವು ಅಂತಲ್ಲ. 1975ರ ಜೂನಿನಲ್ಲಿ ಬಂದ ಕೇಂದ್ರ ಸರ್ಕಾರದ ಒಂದು ಆದೇಶ, ಸಂಶೋಧನೆ ನಡೆಸುವ, ಸಂಶೋಧನೆಗೆ ಮಾರ್ಗದರ್ಶನ ಮಾಡುವ ವೈಜ್ಞಾನಿಕ ಮತ್ತು ತಾಂತ್ರಿಕ ಹುದ್ದೆಗಳಲ್ಲಿ, 'ಎ' ಗುಂಪಿನ ಮೊದಲ ಮೆಟ್ಟಿಲಿಗಿಂತ ಮೇಲಿನವುಗಳನ್ನು ಮೀಸಲಾತಿಯಿಂದ ಹೊರಗಿಡಲು ಅವಕಾಶ ಮಾಡಿತು. ಬೆಸುಗೆ ಹಾಕೋಕೆ ನಿಮ್ಮ ಕೈ ಆದೀತು, ಸರ್ಕ್ಯೂಟ್ ಯೋಚಿಸೋಕೆ ನಿಮ್ಮ ತಲೆ ಬೇಡ ಅನ್ನುವ ಮನುಧರ್ಮವೇ ಟೈಪ್ ಮಾಡಿಸಿಕೊಂಡು ಬಂದಂತಿತ್ತು ಅದು.

1970 ಎಂದೆವಲ್ಲ, ಅದೇ ವರ್ಷ ಪಾರ್ಲಿಮೆಂಟು ಇನ್ನೊಂದು ಕಾಯ್ದೆಯನ್ನೂ ಮಾಡಿತು: ಗುತ್ತಿಗೆ ಕಾರ್ಮಿಕರ (ನಿಯಂತ್ರಣ ಮತ್ತು ರದ್ದತಿ) ಕಾಯ್ದೆ. ಗುತ್ತಿಗೆ ಪದ್ಧತಿ ತೊಲಗಬೇಕು ಅಂತ ಬ್ರಿಟಿಷರ ಕಾಲದ ವಿಟ್ಲೀ ಆಯೋಗವೇ 1931ರಲ್ಲಿ ಹೇಳಿತ್ತು. ನಲವತ್ತು ವರ್ಷಕ್ಕೆ ಕಾಯ್ದೆ ಬಂತು. ವರ್ಷವಿಡೀ ನಡೆಯುವ, ಉದ್ದಿಮೆಗೆ ಅಗತ್ಯವಾದ ಕೆಲಸದಲ್ಲಿ ಗುತ್ತಿಗೆಯನ್ನು ಸರ್ಕಾರ ನಿಷೇಧಿಸಬಹುದು ಅಂತ ಅದರ 10ನೇ ಕಲಂ. ಒಂದೇ ರೀತಿಯ ಕೆಲಸಕ್ಕೆ ಒಂದೇ ಕೂಲಿ ಅಂತ ಅದರ ನಿಯಮ. ದುಡಿಯುವವನು ಅನ್ನುವ ಮಾತಿನ ವ್ಯಾಖ್ಯೆಯಲ್ಲಿ ಕೈಕೆಲಸದ ಜೊತೆಗೆ ತಾಂತ್ರಿಕ ಕೆಲಸವೂ ಸೇರಿತ್ತು. ನಮ್ಮ ಇಂಜಿನಿಯರ್ ಗೆಳೆಯರು ಇದನ್ನು ಎರಡು ಸಲ ಓದಬೇಕು. ಗುತ್ತಿಗೆ ಅಂದರೆ ಗಾರೆ ಕೆಲಸದವರ ಮಾತು, ನಮ್ಮದಲ್ಲ ಅಂತ ಟೈ ಕಟ್ಟಿಕೊಂಡವರು ತಿಳಿದಿದ್ದಾರೆ.

ಕಾಯ್ದೆ ಹಾಳೆಯ ಮೇಲಿತ್ತು, ಶಕ್ತಿ ಬೀದಿಯಲ್ಲಿತ್ತು. 1980ರ ಡಿಸೆಂಬರ್ ಕೊನೆಯಲ್ಲಿ ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಂ.ಎಲ್. ಕಾರ್ಮಿಕರು, ಬಿ.ಎಚ್.ಇ.ಎಲ್. ಕಾರ್ಮಿಕರಿಗೆ ಸಿಗುವ ವೇತನ ನಮಗೂ ಬೇಕು ಅಂತ ಕೆಲಸ ನಿಲ್ಲಿಸಿದರು. 1981ರ ಮಾರ್ಚಿನವರೆಗೆ, 77 ದಿನ. ಬೆಂಗಳೂರು ಅಂಥ ಮುಷ್ಕರವನ್ನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಕೇಳಿದ ಸಮಾನತೆ ಸಿಗದೆಯೇ ಕಾರ್ಮಿಕರು ಒಳಗೆ ಹೋಗಬೇಕಾಯಿತು. ಕಾಯಂ ಕಾರ್ಮಿಕ ಅಂದರೆ ಒಗ್ಗಟ್ಟು, ಒಗ್ಗಟ್ಟು ಅಂದರೆ ತಲೆನೋವು ಅಂತ ಆಳುವವರು ಆ 77 ದಿನಗಳಲ್ಲಿ ಕಲಿತರು ಅನ್ನೋದು ನಮ್ಮ ಅನಿಸಿಕೆ.

ಆ ಹೊತ್ತಿಗೇ ಸಮುದ್ರದಾಚೆ ಇನ್ನೊಂದು ಬದಲಾವಣೆ ಆಗುತ್ತಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕಂದರೆ ಕೆಲಸ ಏನು ಅಂತ ತಿಳಿಯದೆ ಅದರ ಶೋಷಣೆ ತಿಳಿಯೋದಿಲ್ಲ.

ಮೊದಲು ಎಲೆಕ್ಟ್ರಾನಿಕ್ ಯಂತ್ರ ಅಂದರೆ ಸಾವಿರಾರು ಬಿಡಿಭಾಗಗಳನ್ನು ಬೆಸೆದು ಕಟ್ಟಿದ್ದು. ಬದಲಾಯಿಸಬೇಕಾದರೆ ಬೆಸುಗೆ ಬಿಚ್ಚಬೇಕು. 1980ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಅತಿವೇಗದ ಚಿಪ್‌ಗಳಿಗಾಗಿ ಒಂದು ದೊಡ್ಡ ಯೋಜನೆ ಹಾಕಿಕೊಂಡಿತು. ಗುತ್ತಿಗೆ ಕಂಪನಿಗಳು ಮಾಡಿಕೊಟ್ಟ ಚಿಪ್ ಒಳಗೆ ಏನಿದೆ ಅಂತ ಸೈನ್ಯಕ್ಕೇ ತಿಳಿಯದಿದ್ದರೆ, ನಾಳೆ ಆ ಕಂಪನಿ ಮುಚ್ಚಿದರೆ ಏನು ಗತಿ? ಅದಕ್ಕೇ ಸರ್ಕ್ಯೂಟನ್ನು ಚಿತ್ರದಲ್ಲಿ ಅಲ್ಲ, ಬರವಣಿಗೆಯಲ್ಲಿ ಹೇಳುವ ಒಂದು ಭಾಷೆ ಮಾಡಿಸಿದರು. ಹೆಸರು ವಿ.ಎಚ್.ಡಿ.ಎಲ್. 1987ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಪ್ರಮಾಣ ಸಿಕ್ಕಿತು. ಗಮನಿಸಿ: ಗುತ್ತಿಗೆದಾರನ ಮೇಲೆ ನಂಬಿಕೆ ಇಲ್ಲದ ಒಡೆಯ ಮಾಡಿಸಿದ ಭಾಷೆ ಅದು. ಇವತ್ತು ಅದನ್ನು ನಮ್ಮ ಹುಡುಗರು ಗುತ್ತಿಗೆಯಲ್ಲಿ ಕೂತು ಬರೆಯುತ್ತಾರೆ.

ಅದೇ ದಶಕದಲ್ಲಿ, 1985ರಲ್ಲಿ, ಝೈಲಿಂಕ್ಸ್ ಎಂಬ ಅಮೆರಿಕದ ಕಂಪನಿ ಎಫ್.ಪಿ.ಜಿ.ಎ. ಅನ್ನುವ ಚಿಪ್ ತಂದಿತು. ನಮ್ಮ ಹಳ್ಳಿಯ ಮೇಷ್ಟ್ರುಗಳಿಗೆ ಹೇಳುವುದಾದರೆ ಅದೊಂದು ಖಾಲಿ ಸ್ಲೇಟು. ಕಾರ್ಖಾನೆಯಿಂದ ಬರುವಾಗ ಅದಕ್ಕೆ ಯಾವ ವಿದ್ಯೆಯೂ ಇಲ್ಲ. ಇಂಜಿನಿಯರು ಬರೆದದ್ದನ್ನು ಅದರೊಳಗೆ ತುಂಬಿದರೆ ಅದು ರೇಡಾರಿನ ಲೆಕ್ಕಿಗನಾಗುತ್ತದೆ. ಅಳಿಸಿ ಬೇರೆ ತುಂಬಿದರೆ ವೈರ್‌ಲೆಸ್ಸಿನ ಗುಟ್ಟು ಕಾಯುವವನಾಗುತ್ತದೆ. ರೇಡಾರು ಬಿಟ್ಟ ಅಲೆ ಎಲ್ಲಿಗೋ ಬಡಿದು ವಾಪಸು ಬರುತ್ತದೆ. ಬೆಟ್ಟಕ್ಕೆ ಬಡಿದದ್ದೂ ಬರುತ್ತದೆ, ವಿಮಾನಕ್ಕೆ ಬಡಿದದ್ದೂ ಬರುತ್ತದೆ. ಬಂದದ್ದನ್ನು ಅಂಕಿ ಮಾಡಿ, ನಿಂತದ್ದು ಯಾವುದು, ಚಲಿಸುವುದು ಯಾವುದು ಅಂತ ಕ್ಷಣದೊಳಗೆ ಬೇರ್ಪಡಿಸಿ ಹೇಳಬೇಕು. ಆ ವಿವೇಕವನ್ನು ಸ್ಲೇಟಿನ ಮೇಲೆ ಬರೆಯುವವರೇ ಡಿಜಿಟಲ್ ಹಾರ್ಡ್‌ವೇರ್ ವಿನ್ಯಾಸದ ಇಂಜಿನಿಯರುಗಳು. ಬರೆದರೆ ಮುಗೀಲಿಲ್ಲ. ಹತ್ತಾರು ಪದರದ ಬೋರ್ಡಿನಲ್ಲಿ ತಂತಿ ಎಳೆಯಬೇಕು, ಜೆ.ಎಸ್.ಎಸ್. 55555 ಅನ್ನುವ ಸೈನ್ಯದ ಪ್ರಮಾಣದ ಪ್ರಕಾರ ಬಿಸಿಗೆ, ಚಳಿಗೆ, ಕುಲುಕಾಟಕ್ಕೆ, ತೇವಕ್ಕೆ ಒಡ್ಡಿ ನೋಡಬೇಕು. ರಾಜಸ್ಥಾನದ ಮರಳಿನಲ್ಲೂ ಲಡಾಖಿನ ಹಿಮದಲ್ಲೂ ಅದು ಕೆಡಬಾರದು.

ಇನ್ನು ಹೆಸರುಗಳನ್ನು ನೋಡಿ. ಇಲ್ಲಿ ಕಟ್ಟಿದ ರೇಡಾರು ಇಂದ್ರ, ಆಮೇಲಿನದು ರಾಜೇಂದ್ರ, ಕ್ಷಿಪಣಿ ಅಗ್ನಿ. ಸ್ವರ್ಗದವರೆಲ್ಲ ಇದ್ದಾರೆ, ಊರ ಗಡಿ ಕಾಯುವ ನಮ್ಮ ಮಾರಮ್ಮ ಮಾತ್ರ ಇಲ್ಲ.

1998ರ ಮೇ ತಿಂಗಳಲ್ಲಿ ಪೋಖ್ರಾನಿನಲ್ಲಿ ಬಾಂಬು ಸಿಡಿಯಿತು. ಅಮೆರಿಕ ನಿರ್ಬಂಧ ಹೇರಿತು. ಹಗುರ ಯುದ್ಧವಿಮಾನದ ಹಾರಾಟ ನಿಯಂತ್ರಣಕ್ಕಾಗಿ ಅಲ್ಲಿನ ಲಾಕ್‌ಹೀಡ್ ಮಾರ್ಟಿನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಇಂಜಿನಿಯರುಗಳನ್ನು ವಾಪಸು ಕಳಿಸಿದರು. ಬಂದವರು ಬೆಂಗಳೂರಿನಲ್ಲೇ ಕೆಲಸ ಮುಗಿಸಿದರು. 2001ರ ಜನವರಿ 4ರಂದು ಆ ವಿಮಾನ ಹಾರಿತು. ಅದರ ಹಾರಾಟದ ಡಿಜಿಟಲ್ ಕಂಪ್ಯೂಟರು ಇಲ್ಲಿಯ ಪ್ರಯೋಗಾಲಯದ್ದು. ಈ ದೇಶದ ಸಾರ್ವಜನಿಕ ಸಂಸ್ಥೆಗಳಿಗೆ ಕೈಲಾಗೋದಿಲ್ಲ ಅನ್ನುವವರ ಬಾಯಿಗೆ ಅದು ಉತ್ತರ.

ಆದರೆ ಉತ್ತರ ಸಿಕ್ಕ ನಾಲ್ಕು ತಿಂಗಳಿಗೆ, ಅದೇ 2001ರ ಮೇ ತಿಂಗಳಲ್ಲಿ, ಸರ್ಕಾರ ರಕ್ಷಣಾ ಉತ್ಪಾದನೆಯ ಬಾಗಿಲನ್ನು ಖಾಸಗಿಯವರಿಗೆ ಪೂರ್ತಿ ತೆರೆಯಿತು. ವಿದೇಶಿ ಬಂಡವಾಳಕ್ಕೆ ಶೇಕಡಾ 26 ಜಾಗ. 2014ರಲ್ಲಿ 49 ಆಯಿತು, 2020ರಲ್ಲಿ 74. ನಡುವೆ 2006ರ ಖರೀದಿ ನಿಯಮಗಳು 300 ಕೋಟಿ ದಾಟಿದ ವಿದೇಶಿ ಖರೀದಿಯಲ್ಲಿ ಶೇಕಡಾ 30ರಷ್ಟಾದರೂ ಇಲ್ಲೇ ಹೂಡಬೇಕು ಅಂದವು. ದೇಶಕ್ಕೆ ಒಳ್ಳೆಯದೇ ಇರಬಹುದು. ನಮ್ಮ ಲೆಕ್ಕ ಬೇರೆ. ಮೀಸಲಾತಿ ಇದ್ದ ಗೇಟಿನೊಳಗಿಂದ ಕೆಲಸ ಎದ್ದು, ಮೀಸಲಾತಿ ಇಲ್ಲದ ಕಟ್ಟಡಗಳಿಗೆ ನಡೆಯಿತು. ಮೀಸಲಾತಿಯನ್ನು ಯಾರೂ ರದ್ದು ಮಾಡಲಿಲ್ಲ, ನೋಡಿ. ಯಾವ ಗಲಾಟೆಯೂ ಆಗಲಿಲ್ಲ. ಕುರ್ಚಿಯನ್ನು ಹಾಗೇ ಬಿಟ್ಟು, ಕೆಲಸವನ್ನು ಮಾತ್ರ ಎತ್ತಿಕೊಂಡು ಹೋದರು.

ಒಳಗೆ ಉಳಿದ ಕೆಲಸವೂ ಮೊದಲಿನಂತೆ ಉಳಿಯಲಿಲ್ಲ. ಈಗ ಒಂದೇ ಪ್ರಯೋಗಾಲಯದ ಒಂದೇ ಮೇಜಿನ ಸುತ್ತ ಬೇರೆ ಬೇರೆ ಜಾತಿಯ ನೌಕರರು ಕೂತಿರಬಹುದು. ಜಾತಿ ಅನ್ನೋ ಮಾತನ್ನು ಬೇಕಂತಲೇ ಹೇಳುತ್ತಿದ್ದೇವೆ, ಮೆಟ್ಟಿಲುಗಳಿಗೆ ನಮಗೆ ಗೊತ್ತಿರುವ ಹೆಸರು ಅದೊಂದೇ.

ಮೇಲಿನವರು ಕಾಯಂ. ಅವರ ಕೆಳಗೆ ಸಂಸ್ಥೆಯೇ ನೇರವಾಗಿ ತೆಗೆದುಕೊಂಡ ಅವಧಿ ನೌಕರರು. ಬಿ.ಇ.ಎಲ್.ನ ಇತ್ತೀಚಿನ ವರ್ಷಗಳ ಬಹಿರಂಗ ಪ್ರಕಟಣೆಗಳನ್ನೇ ನೋಡಬಹುದು: ಟ್ರೈನಿ ಇಂಜಿನಿಯರಿಗೆ ಮೊದಲ ವರ್ಷ ತಿಂಗಳಿಗೆ 30,000, ಗರಿಷ್ಠ ಮೂರು ವರ್ಷ, ಪ್ರಾಜೆಕ್ಟ್ ಇಂಜಿನಿಯರಿಗೆ ಮೊದಲ ವರ್ಷ 40,000, ನಾಲ್ಕನೇ ವರ್ಷಕ್ಕೆ 55,000, ಅಲ್ಲಿಗೆ ಮುಗಿಯಿತು. ಕಾಯಂ ಆಗಿ ಸೇರುವ ಇಂಜಿನಿಯರಿನ ವೇತನ ಶ್ರೇಣಿಯೂ 40,000ದಿಂದಲೇ ಶುರು. ಆದರೆ ಅದು ಮೂಲ ವೇತನ, ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ, ವರ್ಷವರ್ಷದ ಬಡ್ತಿ, ನಿವೃತ್ತಿಯ ಗಂಟು. ಇವನದು ಇಡಿಗಂಟು. ಅಂಕಿ ಒಂದೇ, ಬದುಕು ಎರಡು. ಆ ಗುತ್ತಿಗೆ ಪ್ರಕಟಣೆಗಳಲ್ಲಿ ಪರಿಶಿಷ್ಟರ ಮೀಸಲಾತಿಯ ಕೋಷ್ಟಕವೂ ಇರುತ್ತದೆ, ಪರಿಶಿಷ್ಟರಿಗೆ ಅರ್ಜಿ ಶುಲ್ಕವೂ ಇಲ್ಲ, ಇದನ್ನು ಮುಚ್ಚಿಟ್ಟು ಮಾತಾಡುವುದು ತಪ್ಪು. 45 ದಿನ ಅಥವಾ ಅದಕ್ಕೂ ಹೆಚ್ಚಿನ ತಾತ್ಕಾಲಿಕ ನೇಮಕಕ್ಕೂ ಮೀಸಲಾತಿ ಉಂಟು ಅನ್ನುವ ಕೇಂದ್ರದ ಆದೇಶ 1968ರಿಂದಲೇ ಇದೆ. ಆದರೆ ನಾಲ್ಕು ವರ್ಷದ ಮೇಲೆ ತಳವಿಲ್ಲದ ಕುರ್ಚಿಗೆ ಮೀಸಲಾತಿ ಕೊಟ್ಟರೆ ಬೀಳುವುದರಲ್ಲೂ ನಮಗೆ ಶೇಕಡಾ 15 ಸಿಕ್ಕ ಹಾಗಾಯಿತು.

ಸಂಶೋಧನಾ ಪ್ರಯೋಗಾಲಯಗಳಲ್ಲಿ ಜೂನಿಯರ್ ರಿಸರ್ಚ್ ಫೆಲೋ ಅಂತ ಇನ್ನೊಂದು ಸಾಲಿದೆ. 2023ರಿಂದ ತಿಂಗಳಿಗೆ 37,000 ಮತ್ತು ಮನೆ ಬಾಡಿಗೆ. ಇದರಿಂದ ಮುಂದೆ ಕೆಲಸದ ಹಕ್ಕು ಹುಟ್ಟೋದಿಲ್ಲ ಅಂತ ಪ್ರಕಟಣೆಯಲ್ಲೇ ಮೊದಲೇ ಹೇಳಿಬಿಡುತ್ತಾರೆ.

ಎಲ್ಲಕ್ಕಿಂತ ಕೆಳಗಿನವನು ಬೇರೆ ಕಂಪನಿಯ ಮೂಲಕ ಬಂದವನು. ಕೂರುವುದು ಸರ್ಕಾರದ ಮೇಜಿನಲ್ಲಿ, ಸಂಬಳ ಬರುವುದು ಕಂಪನಿಯಿಂದ, ಕೆಲಸ ಹೇಳುವುದು ಸರ್ಕಾರದ ಅಧಿಕಾರಿ, ರಜೆ ಕೇಳಬೇಕಾದದ್ದು ಕಂಪನಿಯ ಮ್ಯಾನೇಜರನ್ನು. ಟೆಂಡರಿನಲ್ಲಿ ಕಡಿಮೆ ಕೂಗಿದವನಿಗೆ ಕೆಲಸ. 2016ರಲ್ಲಿ ಶುರುವಾದ ಸರ್ಕಾರದ ಇ-ಸಂತೆಯಲ್ಲಿ ಕುರ್ಚಿ, ಕಂಪ್ಯೂಟರುಗಳ ಹಾಗೆ ಮನುಷ್ಯಬಲವೂ ಒಂದು ಬಾಬತ್ತು. ಮಧ್ಯದ ಕಂಪನಿಗೆ ಅದರ ಕಮಿಷನ್ನು. ಇಲ್ಲಿ ಮೀಸಲಾತಿಯ ಕೋಷ್ಟಕ ಇಲ್ಲ, ಕೇಳುವ ಜಾಗವೂ ಇಲ್ಲ. ಕಾಯಂನವನ ಪಾಸು ಒಂದು ಬಣ್ಣ, ಇವನ ಪಾಸು ಇನ್ನೊಂದು. ಹೊಸ ಟೆಂಡರು ಬಂದಾಗ ಮೇಜು ಅದೇ, ಬೋರ್ಡು ಅದೇ, ಇವನ ಕಂಪನಿಯ ಹೆಸರು ಮಾತ್ರ ಬದಲು. ಸೇವೆಯ ವರ್ಷಗಳು ಮತ್ತೆ ಸೊನ್ನೆಯಿಂದ. ಜೀತದಾಳನ್ನು ಒಬ್ಬ ಗೌಡ ಇನ್ನೊಬ್ಬ ಗೌಡನಿಗೆ ಸಾಲದ ಸಮೇತ ವರ್ಗಾಯಿಸುತ್ತಿದ್ದ ಪದ್ಧತಿಯನ್ನು ನಮ್ಮ ಹಿರಿಯರಿಂದ ಕೇಳಿದ್ದೇವೆ. ಇದು ಜೀತ ಅಂತ ನಾವು ಹೇಳುವುದಿಲ್ಲ, ಜೀತ ಉಂಡವರಿಗೆ ಅದು ಅವಮಾನ. ಆದರೆ ಲೆಕ್ಕದ ಪುಸ್ತಕ ಬರೆಯುವ ಕೈ ಅದೇ.

ಇದಕ್ಕೆ ರಕ್ಷಣಾ ಇಲಾಖೆಯ ಗುಟ್ಟು ಬೇರೆ ಸೇರಿಕೊಳ್ಳುತ್ತದೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ನೆರಳು ಎಲ್ಲರ ಮೇಲೂ ಇದೆ. ಪೊಲೀಸ್ ತಪಾಸಣೆ ಎಲ್ಲರಿಗೂ ಇದೆ. ಮೊಬೈಲು ಗೇಟಿನಲ್ಲೇ. ಸರಿ, ದೇಶದ ಗುಟ್ಟು ಕಾಪಾಡಬೇಕಾದದ್ದೇ. ಆದರೆ ಕಾಯಂ ನೌಕರನ ಮೌನಕ್ಕೆ ಪಿಂಚಣಿ ಉಂಟು. ಗುತ್ತಿಗೆಯವನು ಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದದ್ದನ್ನು ಹೊರಗೆ ಬಂದು ಯಾರಿಗೂ ತೋರಿಸುವ ಹಾಗಿಲ್ಲ. ಮುಂದಿನ ಸಂದರ್ಶನದಲ್ಲಿ ಏನು ಮಾಡಿದೆ ಅಂತ ಕೇಳಿದರೆ, ಚಿಪ್‌ನ ಹೆಸರು ಹೇಳಬಹುದು, ಭಾಷೆಯ ಹೆಸರು ಹೇಳಬಹುದು, ಮಾಡಿದ ಕೆಲಸ ಹೇಳುವ ಹಾಗಿಲ್ಲ. ನಮ್ಮಲ್ಲಿ ಒಬ್ಬಾಕೆ, ಮನೆಗೆ ಮೊದಲ ಇಂಜಿನಿಯರು, ಹೀಗೇ ಎರಡು ಕಡೆ ಕೆಲಸ ಮುಗಿಸಿ ಬಂದವಳು, ಹೇಳಿದ ಮಾತು: 'ನಂ ಅವ್ವ ನಾಟಿ ಮಾಡಿದ್ ಗದ್ದೆನಾದ್ರೂ ಬದುದಲ್ಲಿ ನಿಂತ್ಕಂಡು ಬೆಟ್ಟು ಮಾಡಿ ತೋರುಸ್ತಿದ್ಲು, ನಂಗೆ ಅದೂ ಇಲ್ಲ ಕಣ್ರೋ.'

ನ್ಯಾಯಾಲಯಗಳು ಏನು ಹೇಳಿದವು? ಹೇಳಿದ್ದು ಒಂದೇ ಮಾತಲ್ಲ. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೇರಳದ ಒಂದು ಹಗ್ಗದ ಕಾರ್ಖಾನೆಯ ಮೊಕದ್ದಮೆಯಲ್ಲಿ ಮಧ್ಯವರ್ತಿಯ ಪರದೆ ಸರಿಸಿ ನಿಜವಾದ ಒಡೆಯ ಯಾರು ಅಂತ ನೋಡಿ ಅಂದರು. 1990ರಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಹಂತಹಂತವಾಗಿ ಕಾಯಮಾತಿಯ ದಾರಿ ಪಡೆದರು. 1996ರಲ್ಲಿ ಏರ್ ಇಂಡಿಯಾ ಮೊಕದ್ದಮೆಯಲ್ಲಿ, ಗುತ್ತಿಗೆ ನಿಷೇಧವಾದರೆ ಕಾರ್ಮಿಕರು ತಾನಾಗಿಯೇ ಮೂಲ ಒಡೆಯನ ನೌಕರರು ಎಂದಿತು ಕೋರ್ಟು. ಐದೇ ವರ್ಷ. 2001ರ ಆಗಸ್ಟಿನಲ್ಲಿ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಗುತ್ತಿಗೆ ನಿಷೇಧವಾದರೂ ಕಾರ್ಮಿಕ ಒಳಗೆ ಬರೋದಿಲ್ಲ, ಗುತ್ತಿಗೆಯೇ ಸುಳ್ಳು ನಾಟಕ ಅಂತ ಅವನೇ ಸಾಬೀತು ಮಾಡಬೇಕು. ರಕ್ಷಣೆಯ ಬಾಗಿಲು ಖಾಸಗಿಗೆ ತೆರೆದ ವರ್ಷವೂ ಅದೇ 2001. ಆಮೇಲೆ 2006ರ ಏಪ್ರಿಲಿನಲ್ಲಿ ಉಮಾದೇವಿ ತೀರ್ಪು. ಅದೂ ನಮ್ಮ ಕರ್ನಾಟಕದ್ದೇ, ವಾಣಿಜ್ಯ ತೆರಿಗೆ ಇಲಾಖೆಯ ತಾತ್ಕಾಲಿಕ ನೌಕರರದ್ದು. ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಹಕ್ಕಿಲ್ಲ ಎಂದಿತು. ಹಿಂಬಾಗಿಲು ತೆರೆದವರು ಯಾರು ಅಂತ ಕೇಳಲು ಹದಿನೆಂಟು ವರ್ಷ ಬೇಕಾಯಿತು. 2024ರ ಡಿಸೆಂಬರಿನಲ್ಲಿ, ಕೇಂದ್ರ ಜಲ ಆಯೋಗದಲ್ಲಿ ಕಸಗುಡಿಸುವ, ತೋಟ ನೋಡುವ ಕೆಲಸ ಮಾಡುತ್ತಿದ್ದವರ ಮೊಕದ್ದಮೆಯಲ್ಲಿ, ಸರ್ಕಾರಗಳು ಉಮಾದೇವಿ ತೀರ್ಪನ್ನು ದುಡಿಯುವವರ ವಿರುದ್ಧ ಆಯುಧ ಮಾಡಿಕೊಂಡಿವೆ ಅಂತ ಅದೇ ಕೋರ್ಟು ಹೇಳಿ ಅವರನ್ನು ಕಾಯಂ ಮಾಡಿಸಿತು. ಇಂಜಿನಿಯರುಗಳಿಗೆ ದಾರಿ ತೋರಿಸಿದವರು ಪೊರಕೆ ಹಿಡಿದವರು. ಈ ಮಾತನ್ನು ಅಂಡರ್‌ಲೈನ್ ಮಾಡಿಕೊಳ್ಳಿ.

ಗುತ್ತಿಗೆ ಕೊಡುವವರ ಸಾಲಿಗೂ ಒಂದು ನೋಟ. ಕೇಂದ್ರ ಮಾಡುವ ಒಟ್ಟು ಖರೀದಿಯಲ್ಲಿ ಶೇಕಡಾ 4ನ್ನು ಪರಿಶಿಷ್ಟರ ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು ಅಂತ 2012ರ ಆದೇಶವಿದೆ. ನಮ್ಮ ರಾಜ್ಯವೂ 2017ರಿಂದ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ 17.15, ಪಂಗಡಕ್ಕೆ 6.95 ಮೀಸಲಿಟ್ಟಿತು, ಆಮೇಲೆ ಮಿತಿ ಏರಿಸಿತು. 1942ರ ಮನವಿಗೆ ಬಂದ ತಡವಾದ ಜವಾಬು. ಚರಂಡಿ, ರಸ್ತೆಗೆ ಇದು ಆದೀತು. ರೇಡಾರಿನ ಬೋರ್ಡು ಮಾಡುವ ಕಾರ್ಖಾನೆಗೆ ಬೇಕಾದ ಬಂಡವಾಳ, ಪರೀಕ್ಷಾ ಯಂತ್ರ, ಹತ್ತು ವರ್ಷದ ಹೆಸರು ನಮ್ಮ ಕೇರಿಯ ಯಾವನಿಗಿದೆ?

ನೆಲದ ಮಾತು ಇಲ್ಲಿ ಎತ್ತದೆ ಇರಲಾಗದು. ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳು ಕುರಿ ದನ ಮೇಯಿಸುವವರ ಅನ್ನ. ಅಲ್ಲಿ ರಕ್ಷಣಾ ಸಂಶೋಧನೆಗೆ ಕೊಟ್ಟದ್ದೇ 4,000 ಎಕರೆಗೂ ಹೆಚ್ಚು. ಊರವರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. 2017ರಲ್ಲಿ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ತೆರೆಯಿತು. ಜಾಲಹಳ್ಳಿಗೆ ಹೋದ ತಲೆಮಾರು ಕಾಯಂ ಪಗಾರದ ಕನಸು ಕಂಡಿತ್ತು. ಈ ಕಾವಲುಗಳ ಮಕ್ಕಳಿಗೆ ಸಿಗುವ ಪಾಸಿನ ಬಣ್ಣ ಯಾವುದು ಅಂತ ಅಲ್ಲಿಯ ಗೆಳೆಯರು ಎಣಿಸಿ ನಮಗೆ ಬರೆಯಬೇಕು.

1970ರ ಕಾಯ್ದೆ ಈಗ ಇಲ್ಲ. 2020ರಲ್ಲಿ ಮಾಡಿದ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದು ಅದನ್ನು ನುಂಗಿವೆ. ಮೊದಲು 20 ಜನ ಗುತ್ತಿಗೆ ಕಾರ್ಮಿಕರಿದ್ದರೆ ಕಾಯ್ದೆ ಅನ್ವಯ, ಈಗ 50. ಉದ್ದಿಮೆಯ ಮುಖ್ಯ ಕೆಲಸದಲ್ಲಿ ಗುತ್ತಿಗೆ ಕೂಡದು ಅನ್ನುತ್ತದೆ ಹೊಸ ಸಂಹಿತೆ, ಕೂಡಲೇ ಕೆಲಸ ದಿಢೀರನೆ ಹೆಚ್ಚಿದರೆ ಆಗಬಹುದು, ರೂಢಿ ಇದ್ದರೆ ಆಗಬಹುದು ಅಂತ ಕಿಂಡಿ ಬಿಡುತ್ತದೆ. ಕಂಪನಿಯ ಕಾಯಂ ನೌಕರ, ಇಂಕ್ರಿಮೆಂಟು, ಪಿ.ಎಫ್. ಇದೆ ಅಂತ ಕಾಗದ ತೋರಿಸಿದರೆ ಅವನು ಗುತ್ತಿಗೆ ಕಾರ್ಮಿಕನೇ ಅಲ್ಲ. ನಮ್ಮ ಇಂಜಿನಿಯರುಗಳಲ್ಲಿ ಬಹಳ ಜನರನ್ನು ಈ ಕಡೆಯ ಸಾಲೇ ಹೊರಗಿಡುತ್ತದೆ. ಆದ್ದರಿಂದ ನೇಮಕದ ಕಾಗದದಲ್ಲಿ ಮೂಲ ಒಡೆಯ ಯಾರು, ಪಿ.ಎಫ್. ಯಾರ ಹೆಸರಿನಲ್ಲಿ, ಕೆಲಸ ಹೇಳುವವನು ಯಾವ ಸಂಸ್ಥೆಯವನು ಅನ್ನೋದನ್ನು ಬರೆದಿಟ್ಟುಕೊಳ್ಳಿ. ಕಳಿಸಿದ ಪ್ರತಿ ಕಾಗದದ ನಕಲು ಇರಲಿ, ಗುಟ್ಟಿನ ಕೆಲಸದ್ದಲ್ಲ, ನಿಮ್ಮ ಹಾಜರಿಯದ್ದು. ನೇರವಾಗಿ ಅವಧಿ ನೇಮಕವಾದವರಿಗೆ ಒಂದು ವರ್ಷ ದುಡಿದರೆ ಗ್ರಾಚ್ಯುಟಿ ಉಂಟು ಅಂತ ಹೊಸ ಸಂಹಿತೆ ಹೇಳುತ್ತದೆ. ಹನ್ನೊಂದು ತಿಂಗಳಿಗೆ ಕರಾರು ಬರೆಯುವ ಚಾಳಿ ಈ ದೇಶಕ್ಕೆ ಹಳೆಯದು. ಇನ್ನು ಮುಂದೆ ಕೈಗೆ ಬರುವ ಕಾಗದದಲ್ಲಿ ಮೊದಲು ತಿಂಗಳುಗಳನ್ನು ಎಣಿಸಿ.